ಸತೀಭಾವವೂ ಸಹಜಭಾವವೂ: ‘ಮೋಹನಸ್ವಾಮಿ’ಯ ಓದಿನಿಂದ ಎದ್ದ ಒಂದು ಜಿಜ್ಞಾಸೆ

ಶರಣರ ಸತೀಭಾವವನ್ನು ಕುರಿತು ನಮ್ಮಲ್ಲಿ ನಡೆದಿರುವ ವಿವೇಚನೆ ಅಲ್ಪವಲ್ಲ. ‘ಶರಣಸತಿ ಲಿಂಗಪತಿ’ ಎಂಬ ತತ್ತ್ವವನ್ನು ಷಟ್‌ಸ್ಥಲಕ್ರಮದಲ್ಲಿ ಶರಣಸ್ಥಲಕ್ಕೆ ಹೊಂದಿಸಿ ವಿವರಿಸುವುದು ಪಂಡಿತರಲ್ಲಿ ರೂಢವಾಗಿರುವ ಕ್ರಮ. ಉರಿಲಿಂಗದೇವನ ವಚನಗಳನ್ನು ಒಮ್ಮೆ ಓದಿದವರಿಗೂ ಆ ಭಾವದ ತೀವ್ರತೆ ಮರೆಯುವಂಥದಲ್ಲ. ಈಚಿನ ವರ್ಷಗಳಲ್ಲಿ ಈ ತತ್ತ್ವವನ್ನು ಆಧಾರವಾಗಿ ಹಿಡಿದು ಒಂದು ಹೊಸ ವಾದ ಕೇಳಿಬರುತ್ತಿದೆ. ಗಂಡಾಗಿ ಹುಟ್ಟಿದ ಶರಣನು ತನ್ನನ್ನು ಹೆಣ್ಣೆಂದು ಭಾವಿಸಿ ಲಿಂಗವನ್ನು ಗಂಡನೆಂದು ಒಲಿದನಾದುದರಿಂದ, ಗಂಡು ಗಂಡನ್ನು ಒಲಿಯುವುದಕ್ಕೆ ವಚನವಾಙ್ಮಯದಲ್ಲಿಯೇ ಸಮ್ಮತಿಯುಂಟೆಂಬುದು ಆ ವಾದ. ಇದನ್ನು ಕೇಳಿ ಕೆರಳಿದವರು, ಅದೊಂದು ಪರದೇಶದಿಂದ ಬಂದ ದುಶ್ಚಟ, ಮನಸ್ಸು ಮಾಡಿದರೆ ಬಿಡಬಹುದಾದುದು, ಧರ್ಮಕ್ಕೂ ಅದಕ್ಕೂ ಎತ್ತಣ ಸಂಬಂಧ ಎಂದು ಮಾತು ಮುಗಿಸುತ್ತಾರೆ. ಇಬ್ಬರೂ ಪರೀಕ್ಷಿಸದೆ ಬಿಟ್ಟ ಸಂಗತಿಯೊಂದಿದೆ. ಅದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ವಿಚಾರಕ್ಕೆ ತೊಡಗಲು ಒಂದು ನಿಮಿತ್ತವೂ ಒದಗಿತು. ಶ್ರಾವಣಮಾಸದಲ್ಲಿ ಶಿರಸಿ ಸೀಮೆಯ ಮತ್ತಿಘಟ್ಟಕ್ಕೆ ವಚನೋಪನ್ಯಾಸಕ್ಕೆಂದು ಹೋಗಿದ್ದೆ. ಅಡಕೆಯ ತೋಟಗಳ ಊರು. ಮಳೆಗಾಲದಲ್ಲಿ ಮಾತು ಕೇಳಿಸಬೇಕಾದರೆ ದನಿ ಏರಿಸಿಯೇ ಆಡಬೇಕು. ಸಭೆ ಮುಗಿದು ಜನ ಚೆದರಿದ ಮೇಲೆ ಹಿರಿಯ ತೋಟಿಗರೊಬ್ಬರು ಜಗಲಿಯ ಮೂಲೆಗೆ ಕರೆದು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮ ಮಾಣಿ ಮದುವೆ ಒಲ್ಲೆನೆಂದುದನ್ನೂ, ಒತ್ತಾಯಿಸಿ ಕೇಳಿದಾಗ ತನ್ನ ಮನಸ್ಸು ಗಂಡಸರ ಕಡೆಗೇ ಹೋಗುವುದೆಂದು ತಾಯಿಯ ಬಳಿ ಅತ್ತು ಹೇಳಿಕೊಂಡುದನ್ನೂ ತಿಳಿಸಿದರು. ಅವರ ಪ್ರಶ್ನೆ ಒಂದೇ: ಇದು ಅವನು ಬೇಕೆಂದು ಮಾಡಿಕೊಂಡದ್ದೋ, ತಾನಾಗಿ ಬಂದದ್ದೋ? ಸಿದ್ದಾಪುರದ ಕಡೆಯ ಒಂದು ಸಂಬಂಧ ಆಗಲೇ ಮಾತಿನಲ್ಲಿತ್ತು. ಶಾಸ್ತ್ರ ಏನು ಹೇಳುತ್ತದೆಂದು ಅವರು ಕೇಳಿದರೇ ಹೊರತು ಲೋಕ ಏನೆನ್ನುತ್ತದೆಂದು ಕೇಳಲಿಲ್ಲ. ನನ್ನ ಚೀಲದಲ್ಲಿ ಆ ದಿನ ವಸುಧೇಂದ್ರರ ‘ಮೋಹನಸ್ವಾಮಿ’ ಇತ್ತು.

ಈ ಕಥಾಸಂಕಲನ ಪ್ರಕಟವಾದುದು ೨೦೧೩ರಲ್ಲಿ. ಬಳ್ಳಾರಿ ಜಿಲ್ಲೆಯ ಸಂಡೂರಿನವರಾದ ಲೇಖಕರು ಆಗಲೇ ಕನ್ನಡದಲ್ಲಿ ಓದುಗರನ್ನು ಗಳಿಸಿದ್ದವರು. ಈ ಕೃತಿಯೊಡನೆ ತಮ್ಮ ಒಲವು ಎಂಥದೆಂಬುದನ್ನು ಬಹಿರಂಗವಾಗಿ ಹೇಳಿಕೊಂಡರು. ೨೦೧೬ರಲ್ಲಿ ರಶ್ಮಿ ತೇರದಾಳ ಅವರು ಮಾಡಿದ ಇಂಗ್ಲಿಷ್ ಅನುವಾದವೂ ಬಂದಿತು. ಮೋಹನಸ್ವಾಮಿಯು ಜೊತೆಯಲ್ಲಿ ಬಾಳುತ್ತಿದ್ದ ಕಾರ್ತಿಕನು ಹೆಣ್ಣೊಬ್ಬಳನ್ನು ಮದುವೆಯಾಗಲು ಹೊರಡುತ್ತಾನೆ. ಉಳಿದವನ ಒಂಟಿತನದಿಂದ ಕಥೆ ಬೆಳೆಯುತ್ತದೆ. ಸಂಕಲನದ ಕೊನೆಯಲ್ಲಿ ಅವನು ಕಿಲಿಮಂಜಾರೊ ಪರ್ವತವನ್ನೇರುತ್ತಾನೆ. ಇಲ್ಲಿಯ ಗದ್ಯ ಆಡಂಬರವಿಲ್ಲದ್ದು. ಕೆಲವೆಡೆ ಕರುಣರಸವನ್ನು ಲೇಖಕರು ಸ್ವಲ್ಪ ಹೆಚ್ಚಾಗಿಯೇ ಎರೆಯುತ್ತಾರೆ, ಪಾತ್ರವು ನೊಂದರೆ ಮಾತ್ರ ಓದುಗನು ಒಲಿದಾನೆಂಬ ಅಂಜಿಕೆ ಅಲ್ಲಿ ಕಾಣುತ್ತದೆ. ಆದರೆ ಒಂದು ಅಂಶದಲ್ಲಿ ಕೃತಿ ಅಲುಗುವುದಿಲ್ಲ. ಮೋಹನಸ್ವಾಮಿಯ ಒಲವು ಅವನ ನಿರ್ಧಾರದ ಫಲವಾಗಿ ಬಂದದ್ದಲ್ಲ. ಅದು ಅವನಿಗೆ ಮೊದಲೇ ಇತ್ತು. ಅವನು ನಿರ್ಧರಿಸಬೇಕಾದುದು ಅದನ್ನು ಬಚ್ಚಿಡುವುದೋ ಬೇಡವೋ ಎಂಬುದನ್ನು.

ಸತೀಭಾವದ ಮಾತಿಗೆ ಈ ಹಿನ್ನೆಲೆಯಲ್ಲಿ ಮರಳೋಣ. ಶರಣನ ಸತೀಭಾವವು ಹುಟ್ಟಿನಿಂದ ಬಂದುದಲ್ಲ, ಸಾಧನೆಯಿಂದ ಅಂಗೀಕರಿಸಿದುದು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ ಎಂಬ ಸ್ಥಲಗಳನ್ನು ಹಾದುಬಂದವನು ತನ್ನ ಅಹಂಕಾರವನ್ನು ನೀಗಿಕೊಳ್ಳಲು ಪತಿವ್ರತೆಯ ಏಕನಿಷ್ಠೆಯನ್ನು ತನ್ನದನ್ನಾಗಿ ಮಾಡಿಕೊಳ್ಳುತ್ತಾನೆ. ಇಲ್ಲಿ ಪತಿಯಾದ ಲಿಂಗವು ಗಂಡಸಲ್ಲ. ಲಿಂಗಕ್ಕೆ ಗಂಡುಹೆಣ್ಣೆಂಬ ಉಪಾಧಿಯೇ ಇಲ್ಲ. (‘ಸಲಿಂಗ’ವೆಂಬ ಪದವನ್ನು ಈ ಪತ್ರಿಕೆಯ ಪುಟಗಳಲ್ಲಿ ಬಳಸುವಾಗ ಲೇಖನಿ ತಡವರಿಸುವುದು ಇದೇ ಕಾರಣಕ್ಕೆ. ಅಂಗಕ್ಕೆ ಸೇರಿದ ಸಂಗತಿಗೆ ಲಿಂಗದ ಹೆಸರು ಬಿದ್ದಿದೆ.) ಹೆಂಡತಿಯೊಡನೆ ಸಂಸಾರ ಮಾಡುತ್ತಿದ್ದ ಶರಣರೂ ಈ ಭಾವದಲ್ಲಿ ನುಡಿದಿದ್ದಾರೆ; ಅದರಿಂದ ಅವರ ದಾಂಪತ್ಯದ ಒಲವು ದಿಕ್ಕು ಬದಲಿಸಲಿಲ್ಲ. ಆದಕಾರಣ ಸತೀಭಾವವೂ ಸಲಿಂಗಾನುರಾಗವೂ ಒಂದೇ ಜಾತಿಯವೆನ್ನುವವರು, ಅವೆರಡರಲ್ಲಿ ಒಂದು ಆರಿಸಿಕೊಂಡುದು, ಇನ್ನೊಂದು ಆರಿಸಿಕೊಳ್ಳದೆ ಇದ್ದುದು ಎಂಬ ಮುಖ್ಯ ಭೇದವನ್ನೇ ಮರೆತಿದ್ದಾರೆ. ಹೊಸವಾದಿಗಳಿಗೆ ನನ್ನ ಆಕ್ಷೇಪ ಇಷ್ಟೆ. ಅವರ ಉದ್ದೇಶ ದಯೆಯದಾದರೂ ಆಧಾರ ಸರಿಯಲ್ಲ. ತಪ್ಪು ಆಧಾರದ ಮೇಲೆ ನಿಂತ ದಯೆಯನ್ನು ಎದುರಾಳಿ ಒಂದೇ ಪ್ರಶ್ನೆಯಿಂದ ಕೆಡವಬಲ್ಲ. ಭಾವವನ್ನು ಸಾಧನೆಯಿಂದ ತಳೆಯಬಹುದಾದರೆ ಸಾಧನೆಯಿಂದಲೇ ಬಿಡಲೂಬಹುದಲ್ಲ ಎಂದು ಅವನು ಕೇಳಿಯಾನು.

ಆರಿಸಿಕೊಳ್ಳದೆ ಇದ್ದುದೆಂಬುದಕ್ಕೆ ಪ್ರಮಾಣವೇನು? ಮೊದಲು ನಮ್ಮ ಹಳೆಯ ಗ್ರಂಥಗಳನ್ನೇ ನೋಡಬಹುದು. ಸುಶ್ರುತಸಂಹಿತೆಯ ಶಾರೀರಸ್ಥಾನದ ಎರಡನೆಯ ಅಧ್ಯಾಯದಲ್ಲಿ ಆಸೇಕ್ಯ, ಕುಂಭೀಕ ಮೊದಲಾದ ಪುರುಷಪ್ರಭೇದಗಳ ವಿವರಣೆಯುಂಟು. ಅವಕ್ಕೆ ಹೇಳಿದ ಕಾರಣಗಳು ಗರ್ಭೋತ್ಪತ್ತಿಯ ಕಾಲದವು. ಚರಕಸಂಹಿತೆಯ ಶಾರೀರಸ್ಥಾನವೂ ಇಂಥ ಪ್ರಭೇದಗಳನ್ನು ಬೀಜಕ್ಕೆ ಹೊಂದಿಸಿ, ಜೊತೆಗೆ ಪೂರ್ವಕರ್ಮವನ್ನೂ ಹೇಳುತ್ತದೆ. ಆ ಕಾರಣಗಳನ್ನು ಇಂದು ಒಪ್ಪಬೇಕಾಗಿಲ್ಲ; ಅವನ್ನು ‘ವಿಕೃತಿ’ಯೆಂದು ಕರೆದುದನ್ನೂ ಒಪ್ಪಬೇಕಾಗಿಲ್ಲ. ಆದರೆ ಇದು ವ್ಯಕ್ತಿಯ ಹಟದಿಂದ ಹುಟ್ಟಿದುದೆಂದು ಆ ವೈದ್ಯರು ಭಾವಿಸಲಿಲ್ಲವೆಂಬುದು ಗಮನಾರ್ಹ. ಧರ್ಮಶಾಸ್ತ್ರಕಾರರ ನಿಲುವು ಬೇರೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಒಂದೆಡೆ ಪುರುಷಮೈಥುನವನ್ನು ಜಾತಿಭ್ರಂಶಕರವೆಂದು ಎಣಿಸಿದರೆ, ಇನ್ನೊಂದೆಡೆ ಅದಕ್ಕೆ ಉಟ್ಟ ಬಟ್ಟೆಯೊಡನೆ ಸ್ನಾನಮಾಡುವ ಪ್ರಾಯಶ್ಚಿತ್ತವನ್ನು ವಿಧಿಸುತ್ತದೆ. ಅರ್ಥಶಾಸ್ತ್ರದಲ್ಲಿ ಅದು ದಂಡ ತೆತ್ತು ಮುಗಿಸುವ ಅಪರಾಧ. ಸೆರೆವಾಸದ ಕಠಿನಶಿಕ್ಷೆ ಬಂದುದು ೧೮೬೦ರ ಭಾರತೀಯ ದಂಡಸಂಹಿತೆಯ ೩೭೭ನೆಯ ವಿಧಿಯಿಂದ; ಅದರ ಬೇರು ೧೫೩೩ರ ಇಂಗ್ಲೆಂಡಿನ ಶಾಸನದಲ್ಲಿದೆ. ಪರದೇಶದಿಂದ ಬಂದದ್ದು ಯಾವುದೆಂದು ಕೇಳುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಧುನಿಕ ವಿಜ್ಞಾನವು ಈ ಒಲವಿಗೆ ಇದೇ ಕಾರಣವೆಂದು ಒಂದನ್ನೇ ಬೊಟ್ಟುಮಾಡಿ ಹೇಳುವುದಿಲ್ಲ. ೨೦೧೯ರಲ್ಲಿ ಪ್ರಕಟವಾದ, ಸುಮಾರು ೪ ಲಕ್ಷ ೭೭ ಸಾವಿರ ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನವು, ಇದನ್ನು ನಿರ್ಣಯಿಸುವ ಒಂದೇ ವಂಶವಾಹಿ ಇಲ್ಲವೆಂದಿತು. ಅನೇಕ ವಂಶವಾಹಿಗಳ ಸಣ್ಣಸಣ್ಣ ಪ್ರಭಾವವುಂಟು, ಬೇರೆ ಕಾರಣಗಳೂ ಉಂಟು ಎಂದಿತು. ಇದನ್ನು ಓದಿ, ‘ಹಾಗಾದರೆ ಅದು ಆಯ್ಕೆಯೇ’ ಎಂದು ಹಾರಿದವರಿದ್ದಾರೆ. ಕಾರಣವು ಪೂರ್ಣವಾಗಿ ತಿಳಿಯದಿರುವುದು ಬೇರೆ, ಆಯ್ಕೆಯಾಗಿರುವುದು ಬೇರೆ. ಎಡಗೈಯವನ ಎಡಗೈತನಕ್ಕೂ ಒಂದೇ ವಂಶವಾಹಿಯಿಲ್ಲ; ಅವನು ಅದನ್ನು ಆರಿಸಿಕೊಂಡನೆಂದು ಯಾರೂ ಹೇಳುವುದಿಲ್ಲ, ಚಿಕ್ಕಂದಿನಲ್ಲಿ ಹೊಡೆದು ತಿದ್ದಿದವರಿದ್ದರು ಅಷ್ಟೆ. ತಿದ್ದುವ ಪ್ರಯತ್ನಗಳ ಗತಿಯೇ ಇಲ್ಲಿ ದೊಡ್ಡ ಸಾಕ್ಷಿ. ಪ್ರಾರ್ಥನೆಯಿಂದಲೂ ಉಪದೇಶದಿಂದಲೂ ಒಲವನ್ನು ಬದಲಿಸುವೆವೆಂದು ಅಮೆರಿಕದಲ್ಲಿ ದಶಕಗಳ ಕಾಲ ನಡೆದ ‘ಎಕ್ಸೋಡಸ್ ಇಂಟರ್‌ನ್ಯಾಷನಲ್’ ಎಂಬ ಕ್ರೈಸ್ತಸಂಸ್ಥೆಯು ೨೦೧೩ರಲ್ಲಿ ಬಾಗಿಲು ಮುಚ್ಚಿತು. ಅದರ ಅಧ್ಯಕ್ಷರೇ, ತಾವು ಕಂಡವರಲ್ಲಿ ಬಹುಪಾಲು ಜನರ ಒಲವು ಬದಲಾಗಲಿಲ್ಲವೆಂದು ಒಪ್ಪಿ ಕ್ಷಮೆ ಬೇಡಿದರು. ಬದಲಾವಣೆ ಸಾಧ್ಯವೆಂದು ೨೦೦೩ರಲ್ಲಿ ಪ್ರಬಂಧ ಪ್ರಕಟಿಸಿದ್ದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ೨೦೧೨ರಲ್ಲಿ ಆ ಮಾತಿಗೆ ಆಧಾರವಿರಲಿಲ್ಲವೆಂದು ಹಿಂದೆಗೆದುಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯು ೧೯೯೦ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿತ್ತು. ಮದರಾಸು ಉಚ್ಚ ನ್ಯಾಯಾಲಯವು ೨೦೨೧ರ ಜೂನ್ ತಿಂಗಳಲ್ಲಿ ಇಂಥ ‘ಚಿಕಿತ್ಸೆ’ಯ ಪ್ರಯತ್ನಗಳನ್ನು ನಿಷೇಧಿಸಿತು. ನಂಬಿಕೆಯ ಬಲದಿಂದಲೂ ಔಷಧದ ಬಲದಿಂದಲೂ ಬಿಡಿಸಲಾಗದುದನ್ನು ‘ಚಟ’ವೆನ್ನುವುದು ಶಬ್ದದ ಅಪಪ್ರಯೋಗ.

ಹೀಗಾದರೆ, ಬಯಸದೆ ಬಂದುದರ ವಿಷಯದಲ್ಲಿ ಶರಣಮಾರ್ಗದ ನಿಲುವೇನೆಂಬ ಪ್ರಶ್ನೆ ಏಳುತ್ತದೆ. ಸತೀಭಾವದಲ್ಲಿ ಹುಡುಕಿದವರಿಗೆ ಸಿಗದ ಆಧಾರ ಸಿಗುವುದು ಇಲ್ಲಿ, ಪಂಚಸೂತಕಗಳ ನಿರಾಕರಣೆಯಲ್ಲಿ. ಜಾತಿಸೂತಕ, ಜನನಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕ ಎಂಬ ಐದೂ ಲಿಂಗಧಾರಿಗೆ ಇಲ್ಲವೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಇವುಗಳಲ್ಲಿ ಮೊದಲಿನ ಮೂರನ್ನು ಒಟ್ಟಿಗಿಟ್ಟು ನೋಡಿದರೆ ಒಂದು ನ್ಯಾಯ ಹೊಳೆಯುತ್ತದೆ. ಯಾವ ಕುಲದಲ್ಲಿ ಹುಟ್ಟಿದೆ, ಹೇಗೆ ಹುಟ್ಟಿದೆ, ಹುಟ್ಟಿದ ದೇಹ ತನ್ನ ಧರ್ಮದಂತೆ ಏನು ನಡೆಸುತ್ತದೆ—ಈ ಮೂರೂ ವ್ಯಕ್ತಿಯ ಸಂಕಲ್ಪಕ್ಕೆ ಹೊರಗಿನವು. ಹೊರಗಿನದಾದುದರಿಂದಲೇ ಶರಣರು ಅದನ್ನು ಮೈಲಿಗೆಯೆನ್ನಲಿಲ್ಲ. ಅವರು ಒರೆಗೆ ಹಚ್ಚಿದುದು ಆಚಾರವನ್ನು: ಪರಸತಿ, ಪರಧನ, ಹುಸಿ, ಹಿಂಸೆ. ಇವೆಲ್ಲವೂ ಮನುಷ್ಯನು ಮಾಡುವಂಥವು, ಮಾಡದೆ ಇರಬಲ್ಲಂಥವು. ಪೂರ್ವಕರ್ಮದ ಫಲವೆಂದು ಹೇಳಿ ಹುಟ್ಟನ್ನು ಹೀಗಳೆಯುವ ದಾರಿಯನ್ನು ಅವರು ಮುಚ್ಚಿದರು. ಅದನ್ನು ಮತ್ತೊಂದು ಬಾಗಿಲಿಂದ ನಾವು ಒಳಗೆ ಕರೆತರುವುದು ಸಲ್ಲದು.

ಇದಕ್ಕೊಂದು ಬಲವಾದ ಆಕ್ಷೇಪವುಂಟು. ರಜಸ್ಸು ದೇಹಧರ್ಮ, ಕಾಮವಾದರೋ ಅರಿಷಡ್ವರ್ಗದಲ್ಲಿ ಮೊದಲನೆಯದು, ಗೆಲ್ಲಬೇಕಾದುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ? ಒಪ್ಪತಕ್ಕ ಪ್ರಶ್ನೆ. ಆದರೆ ಕಾಮವನ್ನು ಗೆಲ್ಲಬೇಕೆಂಬ ವಿಧಿ ಹೆಣ್ಣನ್ನು ಒಲಿದ ಗಂಡಿಗೂ ಅಷ್ಟೇ ಅನ್ವಯಿಸುತ್ತದೆ. ಅವನಿಗೆ ಶರಣರು ಸಂಸಾರವನ್ನು ನಿಷೇಧಿಸಲಿಲ್ಲ. ಭೋಗವನ್ನು ಲಿಂಗಾರ್ಪಿತ ಮಾಡಿ ಪ್ರಸಾದವಾಗಿ ಕೊಳ್ಳುವ ದಾರಿ ತೋರಿದರು. ಮತ್ತಿಘಟ್ಟದಿಂದ ಬನವಾಸಿಗೆ ಹೋಗಲು ತಾಲ್ಲೂಕು ದಾಟಬೇಕಾಗಿಲ್ಲ. ಆ ಬನವಾಸಿಯ ಮಾಯಾದೇವಿಯನ್ನು ಚಾಮರಸನ ಅಲ್ಲಮ ವಿಕಾರವಿಲ್ಲದೆ ದಾಟಿಹೋಗುತ್ತಾನೆ. ಹರಿಹರನ ಅಲ್ಲಮನಾದರೋ ಕಮಲತೆಯನ್ನು ಮನಸಾರೆ ಒಲಿದು, ಅವಳನ್ನು ಕಳೆದುಕೊಂಡು ಅಲೆದು, ಆ ದುಃಖದಲ್ಲಿಯೇ ಗುರುವನ್ನು ಕಾಣುತ್ತಾನೆ. ಒಲಿದುದು ಹರಿಹರನಿಗೆ ನಾಚಿಕೆಯ ವಿಷಯವಾಗಿ ತೋರಲಿಲ್ಲ. ಇಬ್ಬರೂ ನಮ್ಮ ಕವಿಗಳೇ. ಇನ್ನು, ಇಂಥವರು ಜೀವನಪರ್ಯಂತ ಬ್ರಹ್ಮಚರ್ಯದಲ್ಲಿರಲಿ ಎಂಬ ಸಲಹೆ. ರೋಮಿನ ಕ್ಯಾಥೊಲಿಕ್ ಧರ್ಮಪೀಠ ಹೇಳುವುದು ಹೆಚ್ಚುಕಡಮೆ ಇದನ್ನೇ: ಪ್ರವೃತ್ತಿಯುಳ್ಳವರನ್ನು ಗೌರವದಿಂದ ಕಾಣಬೇಕು, ಕ್ರಿಯೆ ಮಾತ್ರ ಕೂಡದು. ನಮ್ಮ ವಿರಕ್ತಪರಂಪರೆಯನ್ನು ಬಲ್ಲವರಿಗೆ ಇದರ ಕೊರತೆ ಬೇಗ ತಿಳಿಯುತ್ತದೆ. ವಿರಕ್ತನ ವ್ರತಕ್ಕೆ ಬೆಲೆ ಬಂದಿರುವುದು ಅವನು ಅದನ್ನು ತಾನೇ ಆರಿಸಿಕೊಂಡುದರಿಂದ. ಇನ್ನೊಬ್ಬರು ಹೊರಿಸಿದ ಬ್ರಹ್ಮಚರ್ಯ ವ್ರತವಲ್ಲ, ಶಿಕ್ಷೆ.

ನಮ್ಮ ಜನಪದಧರ್ಮವು ಇವರಿಗೆ ಎಡೆಯನ್ನೇ ಕೊಡಲಿಲ್ಲವೆಂದಲ್ಲ. ಸವದತ್ತಿಯ ಎಲ್ಲಮ್ಮನ ಜೋಗಪ್ಪಂದಿರ ಪರಂಪರೆ ಇದೆ. ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದನ್ನೂ, ೨೦೨೧ರಲ್ಲಿ ಪದ್ಮಶ್ರೀ ಸ್ವೀಕರಿಸಿದುದನ್ನೂ ನಾಡು ಕಂಡಿದೆ. ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಗಂಡುಹೆಣ್ಣೆಂಬುದು ಹೊರಗಿನ ಗುರುತೆಂದ ದಾಸಿಮಯ್ಯನ ನೆನಪು ಆ ಹೆಸರಿನಲ್ಲಿಯೇ ಇದೆ. ಆದರೆ ಮಂಜಮ್ಮನವರ ಸಂಗತಿಯೂ ಮೋಹನಸ್ವಾಮಿಯ ಸಂಗತಿಯೂ ಒಂದಲ್ಲ. ತಾನು ಹೆಣ್ಣೆಂದು ಒಳಗಿನಿಂದ ಅರಿತವರು ಅವರು. ಗಂಡಾಗಿಯೇ ಇದ್ದು ಗಂಡನ್ನು ಒಲಿದವನು ಇವನು. ಸೀರೆಯುಟ್ಟು, ಮನೆ ಬಿಟ್ಟು, ದೇವಿಯ ಕೊಡ ಹೊತ್ತವರಿಗೆ ನಮ್ಮ ಜನ ಕೈಮುಗಿದರು. ಷರಾಯಿ ತೊಟ್ಟು ಕಚೇರಿಗೆ ಹೋಗಿಬರುವ, ಅಪ್ಪ ಅಮ್ಮನ ಮಗನಾಗಿಯೇ ಉಳಿಯಬಯಸುವ ಇವನಿಗೆ ಜಗಲಿಯಲ್ಲಿ ಸ್ಥಳವಿಲ್ಲ. ಈ ಕೊರತೆಯನ್ನು ವಸುಧೇಂದ್ರರ ಕಥೆಗಳಷ್ಟು ನೇರವಾಗಿ ಹೇಳಿದ ಕನ್ನಡಕೃತಿಯನ್ನು ನಾನು ಓದಿಲ್ಲ.

೨೦೧೮ರ ಸೆಪ್ಟೆಂಬರ್ ೬ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ಒಮ್ಮತದಿಂದ ತೀರ್ಪಿತ್ತಿತು. ೨೦೨೩ರ ಅಕ್ಟೋಬರ್ ೧೭ರಂದು ಅದೇ ನ್ಯಾಯಾಲಯ ಇಂಥವರ ವಿವಾಹಕ್ಕೆ ಮಾನ್ಯತೆ ನೀಡಲು ಒಪ್ಪಲಿಲ್ಲ. ನಮ್ಮ ಸಂಪ್ರದಾಯದಲ್ಲಿಯೂ ಅದಕ್ಕೆ ವಿಧಿಯುಂಟೆಂದು ನಾನು ಹೇಳಲಾರೆ; ಇಲ್ಲದ ವಿಧಿಯನ್ನು ವಚನಗಳ ಹೆಸರಿನಲ್ಲಿ ಸೃಷ್ಟಿಸುವುದೂ ತರವಲ್ಲ. ಆದರೆ ಇರುವ ವಿಧಿಯೊಂದನ್ನು ಮುರಿಯುವುದು ದಿನವೂ ನಡೆಯುತ್ತಿದೆ. ಮದುವೆಯಾದರೆ ಎಲ್ಲ ಸರಿಹೋದೀತೆಂದು ಏನೂ ಅರಿಯದ ಹೆಣ್ಣೊಬ್ಬಳ ಕೊರಳಿಗೆ ತಾಳಿ ಕಟ್ಟಿಸುತ್ತಾರೆ. ಸತಿಪತಿಗಳ ಏಕಭಾವವನ್ನು ಭಕ್ತಿಯ ಅಂಗವೆಂದ ಮಾರ್ಗದಲ್ಲಿ ಇದು ಹುಸಿಯಲ್ಲದೆ ಮತ್ತೇನು? ಕಾರ್ತಿಕನ ಕೈಹಿಡಿಯುವವಳು ಏನನ್ನು ಅರಿತು ಆ ಮನೆಗೆ ಬರುತ್ತಾಳೆಂಬ ಪ್ರಶ್ನೆ ನನ್ನನ್ನು ಮೋಹನಸ್ವಾಮಿಯ ಅಳಲಿಗಿಂತ ಹೆಚ್ಚು ಕಾಲ ಕಾಡಿತು.

ಮತ್ತಿಘಟ್ಟದ ಆ ಹಿರಿಯರಿಗೆ ಇಷ್ಟೆಲ್ಲವನ್ನು ಹೇಳಲು ಆ ರಾತ್ರಿ ಸಮಯವಿರಲಿಲ್ಲ. ಮಾಣಿಯಲ್ಲಿ ಇರುವುದು ಅವನು ಆರಿಸಿಕೊಂಡದ್ದಲ್ಲವೆಂದೂ, ಸಿದ್ದಾಪುರದ ಆ ಹುಡುಗಿಯ ವಿಷಯದಲ್ಲಿ ಮಾತ್ರ ಆರಿಸಿಕೊಳ್ಳುವ ಅಧಿಕಾರ ತಮ್ಮ ಕೈಯಲ್ಲಿ ಇನ್ನೂ ಇದೆಯೆಂದೂ ಹೇಳಿ, ಚೀಲದಲ್ಲಿದ್ದ ಪುಸ್ತಕವನ್ನು ಕೊಟ್ಟೆ. ಅವರು ಶೀರ್ಷಿಕೆ ಓದಿ, ಇದು ದೇವರ ಕಥೆಯೇ ಎಂದು ಕೇಳಿದರು. ಅಲ್ಲವೆಂದೆ. ದೀಪಾವಳಿಯ ಹೊತ್ತಿಗೆ ಆ ಸಂಬಂಧದ ಮಾತು ನಿಂತಿತೆಂಬ ಸುದ್ದಿ ಬಂದಿತು. ಪುಸ್ತಕ ಇನ್ನೂ ಮರಳಿಲ್ಲ. ಮಾಣಿಯ ತಾಯಿ ಓದುತ್ತಿದ್ದಾರಂತೆ.