ಗಡಸು ನೀರಿನ ಊರಲ್ಲಿ ಕಾರಿನ ಹೊಳಪು

ಎರಡು ಸಾವಿರ ರೂಪಾಯಿಯ ವ್ಯಾಕ್ಸ್ ನಿಜಕ್ಕೂ ಇನ್ನೂರರದ್ದಕ್ಕಿಂತ ಮೇಲೇ ಎಂದು ಕೇಳುವವರನ್ನು ನಾನು ಮೊದಲು ಕೇಳುವುದು ಅವರ ಮನೆಯ ಬೋರ್ ನೀರಿನ ಬಗ್ಗೆ. ಚಿಕ್ಕಜಾಜೂರು, ಹೊಳಲ್ಕೆರೆ ಕಡೆ ಕಾರಿನ ಬಣ್ಣ ಹಾಳಾಗುವುದು ಎರಡರಿಂದ. ಒಂದು ದೂಳು, ಇನ್ನೊಂದು ನೀರು. ಇವೆರಡಕ್ಕೆ ದಾರಿ ಮಾಡಿಕೊಳ್ಳದೆ ಯಾವ ಬೆಲೆಯ ಡಬ್ಬಿ ತಂದರೂ ದುಡ್ಡು ದಂಡ.

ಭೀಮಸಮುದ್ರದ ಕಡೆ ಕಬ್ಬಿಣದ ಅದಿರಿನ ಗಣಿಗಳಿವೆ. ಅದಿರಿನ ಲಾರಿ ಓಡಾಡುವ ರಸ್ತೆಗಳಲ್ಲಿ ಒಂದು ದಿನ ಕಾರು ನಿಂತರೆ ಸಾಕು, ಗಾಜಿನ ಮೇಲೆ ಕೆಂಪು ಪದರ ಕೂರುತ್ತದೆ. ಅದರಲ್ಲಿರುವ ಹೆಮಟೈಟ್, ಮರಳಿನ ಕಣ ಎರಡೂ ಕಾರಿನ ಮೇಲ್ಪದರಕ್ಕಿಂತ ಗಟ್ಟಿ. ಆ ಮೇಲ್ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲಿಗಿಂತ ತೆಳು. ಬೆಳಗ್ಗೆ ಎದ್ದು ಒಣ ಬಟ್ಟೆಯಿಂದ ಕಾರನ್ನು ಝಾಡಿಸಿ ಒರೆಸುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ಒರೆಸುವವರದು ಪ್ರೀತಿಯೇ, ಆದರೆ ಆ ಕಣಗಳನ್ನು ಬಣ್ಣದ ಮೇಲೆ ಉಜ್ಜುತ್ತಿರುವುದೂ ಅವರೇ. ಸಂಜೆ ರೈಲ್ವೆ ಸ್ಟೇಷನ್ ಮುಂದೆ ನಿಂತ ಕಪ್ಪು ಕಾರೊಂದರ ಬಾನೆಟ್ ಮೇಲೆ ಇಳಿಬಿಸಿಲು ಬಿದ್ದಾಗ ಬಗ್ಗಿ ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೀರು ಕಾಣುತ್ತವೆ. ಅವನ್ನು ತೆಗೆಯುವ ಶಕ್ತಿ ವ್ಯಾಕ್ಸಿಗಿಲ್ಲ. ಅದು ಗೀರುಗಳನ್ನು ತುಂಬಿ ಕೆಲವು ದಿನ ಮರೆಮಾಡುತ್ತದೆ, ಅಷ್ಟೆ.

ಇನ್ನು ನೀರು. ನಮ್ಮ ಕೊಳವೆಬಾವಿಗಳ ನೀರು ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ಪ್ರತಿ ಹನಿಯೂ ಆರಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದು ಬಿಳಿ ಉಂಗುರವಾಗುತ್ತದೆ. ಮನೆಯ ನಲ್ಲಿಯ ಬಾಯಲ್ಲಿ, ಗೀಸರಿನ ಕಾಯಿಲ್‌ನಲ್ಲಿ ಕಟ್ಟುವುದೂ ಇದೇ. ಹೊಸ ಕಲೆಯಾದರೆ ತೆಳುವಾದ ವಿನಿಗರ್ ನೀರಿನಲ್ಲಿ ಒರೆಸಿ ತೊಳೆದರೆ ಹೋಗುತ್ತದೆ. ವಾರಗಟ್ಟಲೆ ಬಿಸಿಲು ತಿಂದದ್ದು ಮೇಲ್ಪದರವನ್ನೇ ಕೊರೆದಿರುತ್ತದೆ. ಅದನ್ನು ತೆಗೆಯಲು ಪಾಲಿಶ್ ಮೆಷಿನ್ನೇ ಬೇಕು.

ಈಗ ಬೆಲೆಯ ಮಾತು. ಕಾರಿಗೆಂದೇ ಮಾಡಿದ ಶಾಂಪೂ ಆದರೆ ಅಗ್ಗದ್ದು ಸಾಕು, ಧಾರಾಳವಾಗಿ ಸಾಕು. ಬಟ್ಟೆಯ ಪುಡಿ, ಪಾತ್ರೆಯ ಲಿಕ್ವಿಡ್ ಮಾತ್ರ ಬೇಡ, ಅವು ಹಚ್ಚಿದ ವ್ಯಾಕ್ಸನ್ನು ತೊಳೆದುಬಿಡುತ್ತವೆ. ವ್ಯಾಕ್ಸಿನ ಡಬ್ಬಿಯ ಮೇಲೆ ದೊಡ್ಡದಾಗಿ ಕಾಣುವ ಕಾರ್ನೌಬಾ, ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುವ ಮೇಣ. ಸುಮಾರು 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. ಹಾಗೇ ಹಚ್ಚಲಾಗದಷ್ಟು ಗಟ್ಟಿಯಾದ್ದರಿಂದ ಯಾವ ಬೆಲೆಯ ಡಬ್ಬಿಯಲ್ಲೂ ಅದರ ಜೊತೆಗೆ ಬೇರೆ ಎಣ್ಣೆ, ದ್ರಾವಕ ಇದ್ದೇ ಇರುತ್ತವೆ. ಬ್ರ್ಯಾಂಡಿನ ಹೆಸರಿಗೂ ಮರುಳಾಗಬೇಡಿ. 1901ರಲ್ಲಿ ಪೀಠೋಪಕರಣದ ಪಾಲಿಶ್ ಮಾಡುತ್ತ ಶುರುವಾದ ಅಮೆರಿಕದ ಮೆಗೈಯರ್ಸ್ 2008ರಿಂದ 3ಎಂ ಒಡೆತನದಲ್ಲಿದೆ. ಅಂಗಡಿಯ ಕಪಾಟಿನಲ್ಲಿ ಪೈಪೋಟಿಗೆ ನಿಂತಂತೆ ಕಾಣುವ ಈ ಎರಡು ಹೆಸರಿನ ಬಾಟಲಿಗಳು ಒಂದೇ ಮನೆಯವು. ಬಾನೆಟ್ಟಿನ ನಡುವೆ ಟೇಪ್ ಎಳೆದು ಒಂದು ಕಡೆ ಅಗ್ಗದ್ದು, ಇನ್ನೊಂದು ಕಡೆ ದುಬಾರಿಯದು ಹಚ್ಚಿ, ಟೇಪ್ ಕಿತ್ತು ನೋಡಿ. ದುಬಾರಿಯದು ಸಲೀಸಾಗಿ ಹರಡುತ್ತದೆ, ಒರೆಸುವಾಗ ಪುಡಿ ಉದುರುವುದಿಲ್ಲ, ವಾಸನೆಯೂ ಚೆಂದ. ನೀರು ಹಾಕಿದರೆ ಎರಡೂ ಕಡೆ ಹನಿಗಳು ಗುಂಡಗೇ ನಿಲ್ಲುತ್ತವೆ. ಹೊಳಪಿನಲ್ಲಿ ಯಾವ ಕಡೆ ಯಾವುದೆಂದು ಹೇಳುವುದು ನನ್ನಿಂದ ಆಗಿಲ್ಲ.

ಆದರೆ ಗೀರು ತೆಗೆಯುವ ಕಾಂಪೌಂಡಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಒಳ್ಳೆಯದರಲ್ಲಿ ಉಜ್ಜುಕಣಗಳು ಒಂದೇ ಅಳತೆಯವು. ಕಳಪೆಯದರಲ್ಲಿ ಅಲ್ಲೊಂದು ಇಲ್ಲೊಂದು ದಪ್ಪ ಕಣವಿದ್ದು, ಇದ್ದ ಗೀರು ಹೋಗಿ ಹೊಸ ಗೀರು ಬರುತ್ತದೆ.

ಸೆರಾಮಿಕ್ ಕೋಟಿಂಗಿನ ಬಗ್ಗೆ ದಾವಣಗೆರೆ, ಬೆಂಗಳೂರಿನ ಅಂಗಡಿಗಳು ಹೇಳುವುದರಲ್ಲಿ ಸತ್ಯವಿದೆ. ಅದು ವ್ಯಾಕ್ಸಿಗಿಂತ ಬಹುಕಾಲ ಬಾಳುತ್ತದೆ. ಆದರೆ ಅದರ ಮೇಲೆ ನೀರು ಗುಂಡು ಗುಂಡಾಗಿ ನಿಂತು ಆರಿದಾಗ ಗಡಸು ನೀರಿನ ಕಲೆ ಕೂರುವುದು ತಪ್ಪುವುದಿಲ್ಲ. ತೊಳೆದ ಕೂಡಲೇ ಒರೆಸುವ ಶಿಸ್ತಿಲ್ಲದವರಿಗೆ ಅದನ್ನು ನಾನು ಹೇಳುವುದಿಲ್ಲ.

ಉಳಿಸಿದ ಹಣವನ್ನು ಮೈಕ್ರೋಫೈಬರ್ ಬಟ್ಟೆಗೆ ಹಾಕಿ. ತೊಳೆಯಲು ಒಂದು, ನೀರು ಹೀರಲು ದಪ್ಪನೆಯದೊಂದು, ವ್ಯಾಕ್ಸಿಗೆ ಬೇರೆ. ಅಂಚಿನ ಒರಟು ಹೊಲಿಗೆ, ಲೇಬಲ್ ಕೂಡ ಗೀರುತ್ತವೆ, ಲೇಬಲ್ ಕಿತ್ತುಹಾಕಿ. ಒಗೆಯುವಾಗ ಕಂಫರ್ಟ್ ತರದ ಮೆದುಕಾರಕ ಹಾಕಬೇಡಿ, ಎಳೆಗಳು ಮುಚ್ಚಿ ಬಟ್ಟೆ ಹೀರುವುದನ್ನೇ ಬಿಡುತ್ತದೆ. ನೆಲಕ್ಕೆ ಬಿದ್ದ ಬಟ್ಟೆ ಮತ್ತೆ ಬಣ್ಣಕ್ಕೆ ತಾಗಬಾರದು, ಅದು ಇನ್ನು ಟೈರಿಗೆ. ತೊಳೆಯಲು ಎರಡು ಬಕೆಟ್ ಇರಲಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮೊದಲು ಪೈಪಿನ ನೀರಲ್ಲಿ ಕೆಂಪು ದೂಳೆಲ್ಲ ಇಳಿದುಹೋಗಲಿ, ಆಮೇಲೆ ಬಟ್ಟೆ ಮುಟ್ಟಿಸಿ. ಕೊನೆಯ ಸುತ್ತಿಗೆ ಹಿಡಿದಿಟ್ಟ ಮಳೆನೀರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದಿಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ಅರ್ಧ ಕ್ಯಾನ್ ಸಾಕು. ಘಟಕದ ಹಿಂದೆ ಹರಿದುಹೋಗುವ ನೀರನ್ನು ಪುಕ್ಕಟೆ ಎಂದು ತುಂಬಿ ತರಬೇಡಿ. ಶುದ್ಧ ಮಾಡಿದ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.