ಗಂಟೆ, ಜೊಲ್ಲು ಮತ್ತು ಕರು: ಅನುಬಂಧನ ಪಾಠದ ಒಂದು ವಿಮರ್ಶೆ

ಶಿಕ್ಷಕರ ತರಬೇತಿಗೆ ಓದುವ ಮನೋವಿಜ್ಞಾನ ಪುಸ್ತಕಗಳಲ್ಲಿ ಶಾಸ್ತ್ರೀಯ ಅನುಬಂಧನದ ಪಾಠ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿ ಮುಗಿಯುತ್ತದೆ: ಪಾವ್ಲೋವ್‌ನ ನಾಯಿ, ಗಂಟೆ, ಜೊಲ್ಲು. 1904ರಲ್ಲಿ ಪಾವ್ಲೋವ್‌ಗೆ ನೊಬೆಲ್ ಪಾರಿತೋಷಕ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಆತ ಬಳಸಿದ್ದು ಗಂಟೆಯೊಂದನ್ನೇ ಅಲ್ಲ, ಮೆಟ್ರೊನೋಮ್, ಬೆಳಕು, ಚರ್ಮದ ಸ್ಪರ್ಶವೂ ಇದ್ದವು. ಇದು ಸಣ್ಣ ಕೊರತೆ. ದೊಡ್ಡ ಕೊರತೆ ಉದಾಹರಣೆಗಳಲ್ಲಿದೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ವಿದ್ಯಾರ್ಥಿಯನ್ನು ಕೇಳಿದರೆ, ಕುರಿಗಾಹಿ ಕೂಗಿದಾಗ ಮಂದೆ ಓಡಿಬರುವುದನ್ನೇ ಅನುಬಂಧನವೆಂದು ಹೇಳಿಯಾನು. ಆದರೆ ಓಡಿಬಂದ ಕುರಿಗಷ್ಟೇ ಉಪ್ಪು ಸಿಗುವುದಾದರೆ ಅದು ಸ್ಕಿನ್ನರ್ ವಿವರಿಸಿದ ಕ್ರಿಯಾಜನ್ಯ ಅನುಬಂಧನ. ಪಾವ್ಲೋವ್‌ನದಕ್ಕೆ ಹತ್ತಿರದ ಉದಾಹರಣೆ ಕೊಟ್ಟಿಗೆಯಲ್ಲಿದೆ. ಕರು ಮೊಲೆಗೆ ಬಾಯಿ ಹಾಕಿದಾಗ ಆಕ್ಸಿಟೋಸಿನ್ ಸ್ರವಿಸಿ ಹಸು ಹಾಲು ಇಳಿಸುತ್ತದೆ. ಇದು ಸಹಜ ಪ್ರತಿಕ್ರಿಯೆ. ಕ್ರಮೇಣ ಎಷ್ಟೋ ಹಸುಗಳು ಪಾತ್ರೆಯ ಸದ್ದಿಗೇ ಹಾಲು ಇಳಿಸತೊಡಗುತ್ತವೆ. ಹಸು ಇಲ್ಲಿ ಏನನ್ನೂ ‘ಮಾಡುವುದಿಲ್ಲ’. ಅದರ ದೇಹ ಮುಂದಾಗುವುದಕ್ಕೆ ಸಿದ್ಧವಾಗುತ್ತದೆ, ಅಷ್ಟೆ. (ನಿತ್ಯಜೀವನದಲ್ಲಿ ಎರಡೂ ಬೆರೆತಿರುತ್ತವೆಂಬುದು ನಿಜ.)

ಎರಡು ಪ್ರಚೋದನೆಗಳು ಪದೇ ಪದೇ ಜೊತೆಗೂಡಿದರೆ ಸಾಕು ಎಂಬ ವಾಕ್ಯವೂ ತಿದ್ದುಪಡಿ ಬೇಡುತ್ತದೆ. 1968ರಲ್ಲಿ ರಾಬರ್ಟ್ ರೆಸ್ಕಾರ್ಲಾ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಸದ್ದಿನ ಜೊತೆಗೆ ಬರುವಷ್ಟೇ ವಿದ್ಯುದಾಘಾತ ಸದ್ದಿಲ್ಲದಾಗಲೂ ಬರುತ್ತಿದ್ದರೆ, ಇಲಿ ಸದ್ದಿಗೆ ಹೆದರುವುದನ್ನು ಕಲಿಯಲಿಲ್ಲ. ಅಂದರೆ ಸದ್ದು ಸುಳಿವು ಕೊಡಬೇಕು. ಇನ್ನು ರುಚಿಯ ವಿಷಯದಲ್ಲಿ ಪುನರಾವರ್ತನೆಯೂ ಬೇಡ. ಕಡಲೆಕಾಯಿ ತಿಂದ ಮಗು ಕೆಲವು ಗಂಟೆಗಳ ನಂತರ ಬೇರೆ ಕಾರಣಕ್ಕೆ ವಾಂತಿ ಮಾಡಿಕೊಂಡರೂ, ಅದೊಂದೇ ಸಲದಿಂದ ಕಡಲೆಕಾಯಿ ಕಂಡರೆ ಹೇಸಬಹುದು. ಜಾನ್ ಗಾರ್ಸಿಯಾ 1955ರಿಂದ ಇಲಿಗಳಲ್ಲಿ ಈ ಬಗೆಯ ಅರುಚಿಯನ್ನು ತೋರಿಸಿದ್ದರು.

ಇವೆಲ್ಲ ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಪಾಠ ಓದಿದವರು ನಾಳೆ ತರಗತಿಗೆ ಹೋಗುತ್ತಾರೆ. ಏಟು ತಿಂದ ಮಗುವಿಗೆ ಗಣಿತ ಮೇಷ್ಟರ ಹೆಜ್ಜೆ ಸದ್ದೇ ಏಟಿನ ಸುಳಿವು. ಅಂಗೈ ಬೆವರುತ್ತದೆ, ಗೊತ್ತಿದ್ದ ಮಗ್ಗಿಯೂ ಬಾಯಿಗೆ ಬರುವುದಿಲ್ಲ. ಅದನ್ನು ಸೋಮಾರಿತನವೆನ್ನುವುದು ಹಾಲು ಇಳಿಸದ ಹಸುವನ್ನು ಮೊಂಡು ಎಂದಂತೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆದರೆ ಬೆತ್ತ ಕೆಳಗಿಟ್ಟ ದಿನವೇ ಭಯ ಹೋಗುವುದಿಲ್ಲ. ನಶಿಸಿದಂತೆ ಕಂಡ ಪ್ರತಿಕ್ರಿಯೆ ಕೆಲಕಾಲದ ವಿರಾಮದ ನಂತರ ಮರಳುವುದನ್ನು ಸ್ವತಃ ಪಾವ್ಲೋವ್ ದಾಖಲಿಸಿದ್ದರು. ಪಾಠದಲ್ಲಿ ಒಂದು ಸಾಲಿಗೆ ಮುಗಿಯುವ ಈ ಸಂಗತಿಗೆ ಒಂದು ಪುಟವಾದರೂ ಸಿಗಬೇಕಿತ್ತು.