ಪ್ರತಿಬಿಂಬ, ಆಲೇಖ್ಯ, ತುಲ್ಯದೇಹಿ: ಹಿಪ್ ಹಾಪ್ ಗೀತಗುಚ್ಛಗಳಿಗೆ ಚಿತ್ರಕಾರರ ಉತ್ತರ

ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ ಆನಂದವರ್ಧನನು ಒಬ್ಬ ಕವಿಯ ಕೃತಿ ಮತ್ತೊಬ್ಬನ ಕೃತಿಯನ್ನು ಹೋಲುವ ಪರಿಯನ್ನು ಮೂರಾಗಿ ವಿಂಗಡಿಸಿದ್ದಾನೆ. ಕನ್ನಡಿಯ ಬಿಂಬದಂತಹುದು ಒಂದು, ಚಿತ್ರದಂತಹುದು ಇನ್ನೊಂದು, ಒಬ್ಬ ದೇಹಿಯನ್ನು ಹೋಲುವ ಮತ್ತೊಬ್ಬ ದೇಹಿಯಂತಹುದು ಮೂರನೆಯದು. ಮೊದಲೆರಡು ತ್ಯಾಜ್ಯ, ಮೂರನೆಯದು ತನ್ನದೇ ಆತ್ಮವನ್ನು ಉಳ್ಳುದರಿಂದ ಗ್ರಾಹ್ಯ. ಅಲ್ಲಿ ಚಿತ್ರವೆಂಬುದು ಕೇವಲ ಉಪಮಾನ, ಅದೂ ಹಗುರಾದ ಉಪಮಾನ. ಆದರೆ ಹಾಡಿಗೆ ಚಿತ್ರವೇ ಉತ್ತರವಾಗಿ ಬಂದಾಗ ಈ ವಿಂಗಡಣೆ ನಿಲ್ಲಬಲ್ಲುದೆ? ಅಮೆರಿಕದ ಹಿಪ್ ಹಾಪ್ ಸಂಗೀತದ ಸುತ್ತ ಬೆಳೆದಿರುವ ಚಿತ್ರಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ.

1995ರಲ್ಲಿ ವು-ಟಾಂಗ್ ಕ್ಲ್ಯಾನ್ ಬಳಗದ ಜಿಜಾ ಎಂಬ ಗಾಯಕನ 'ಲಿಕ್ವಿಡ್ ಸೋರ್ಡ್ಸ್' ಹೊರಬಂದಿತು. ಅದರ ಮುಖಚಿತ್ರವನ್ನು ಬರೆದವನು ಕಾಮಿಕ್ಸ್ ಕಲಾವಿದ ಡೆನಿಸ್ ಕೋವನ್. ಕಪ್ಪು ಜನರ ಕಥೆಗಳಿಗಾಗಿಯೇ 1993ರಲ್ಲಿ ಆರಂಭವಾದ ಮೈಲ್‌ಸ್ಟೋನ್ ಪ್ರಕಾಶನದ ಸ್ಥಾಪಕರಲ್ಲೊಬ್ಬ. ಈ ಗೀತಗುಚ್ಛವು ಒಂದು ಮಗುವಿನ ಮಾತಿನಿಂದ ಮೊದಲಾಗುತ್ತದೆ. ಆ ಮಾತು 1980ರ 'ಶೋಗನ್ ಅಸಾಸಿನ್' ಚಲನಚಿತ್ರದ್ದು. ಆ ಚಿತ್ರವೋ 1972ರ ಎರಡು ಜಪಾನೀ ಚಲನಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಇಂಗ್ಲಿಷಿನ ಮಾತು ತುಂಬಿದ್ದು. ಅವುಗಳಿಗೆ ಮೂಲ 1970ರಲ್ಲಿ ಆರಂಭವಾದ ಕೊಯಿಕೆ ಮತ್ತು ಕೊಜಿಮಾ ಅವರ ಚಿತ್ರಕಥೆ. ಅಂದರೆ ರೇಖೆಯಿಂದ ಹೊರಟದ್ದು ಎರಡು ಭಾಷೆ, ಎರಡು ಮಾಧ್ಯಮಗಳನ್ನು ಹಾದು ಕೋವನ್ನನ ಕೈಯಲ್ಲಿ ಮತ್ತೆ ರೇಖೆಗೇ ಮರಳಿತು. ನಮ್ಮ ಪಾಠಸಂಪ್ರದಾಯಗಳ ವಂಶವೃಕ್ಷಗಳನ್ನು ತಿದ್ದಿ ತಿದ್ದಿ ದಣಿದವರಿಗೆ ಇದು ಅಪರಿಚಿತವೆನಿಸದು.

ಮುಖ್ಯವಾದುದು ಅವನು ಏನನ್ನು ಬರೆದನೆಂಬುದು. ಚದುರಂಗದ ಕಪ್ಪು ಬಿಳುಪು ಮನೆಗಳ ಹಾಸು. ಅದರ ಮೇಲೆ ಆಯುಧ ಹಿಡಿದು ಸೆಣಸುವ ಆಳುಗಳು. ಜಿಜಾನ ಚದುರಂಗದ ಗೀಳು, ನಾಲಗೆಯೇ ಖಡ್ಗವೆಂಬ ಶೀರ್ಷಿಕೆಯ ರೂಪಕ, ನ್ಯೂಯಾರ್ಕಿನ ಬೀದಿಯ ಹಿಂಸೆ ಈ ಮೂರೂ ಅಲ್ಲಿ ಒಂದೇ ನೆಲದ ಮೇಲೆ ನಿಲ್ಲುತ್ತವೆ. ಯಾವ ಒಂದು ಹಾಡಿನ ಕಥೆಯೂ ಅಲ್ಲಿಲ್ಲ. ಹಾಡುಗಳು ಬಿಡಿಬಿಡಿಯಾಗಿ ಹೇಳುವುದನ್ನು ಚಿತ್ರವು ಒಂದು ವ್ಯೂಹವನ್ನಾಗಿ ಕಟ್ಟುತ್ತದೆ. ಇದನ್ನು ನಾವು ವ್ಯಾಖ್ಯಾನವೆಂದೇ ಕರೆಯುತ್ತೇವೆ.

ಇಪ್ಪತ್ತು ವರ್ಷಗಳ ಬಳಿಕ, 2015ರಲ್ಲಿ, ಮಾರ್ವೆಲ್ ಸಂಸ್ಥೆಯು ತನ್ನ ಕಾಮಿಕ್ಸ್‌ಗಳಿಗೆ ಪ್ರಸಿದ್ಧ ಹಿಪ್ ಹಾಪ್ ಗೀತಗುಚ್ಛಗಳ ಮುಖಚಿತ್ರಗಳನ್ನು ಅನುಸರಿಸಿದ ಪರ್ಯಾಯ ಹೊದಿಕೆಗಳನ್ನು ಹೊರತಂದಿತು. ಇಲ್ಲಿ ಹೆಚ್ಚಿನವರು ಹಾಡನ್ನು ಕೇಳಿ ಬರೆದಂತಿಲ್ಲ, ಹೊದಿಕೆಯನ್ನು ನೋಡಿ ಬರೆದಂತಿದೆ. ಬ್ರಯನ್ ಸ್ಟೆಲ್‌ಫ್ರೀಜ್ ಸಮರ್ಥ ಕಲಾವಿದ. ಆದರೂ ಫಿಫ್ಟಿ ಸೆಂಟ್‌ನ 2003ರ 'ಗೆಟ್ ರಿಚ್ ಆರ್ ಡೈ ಟ್ರೈಯಿಂಗ್' ಹೊದಿಕೆಯ ಗುಂಡು ಹೊಕ್ಕ ಗಾಜಿನ ಹಿಂದೆ ಅವನು ಐರನ್ ಮ್ಯಾನ್‌ನನ್ನು ನಿಲ್ಲಿಸಿದಾಗ ನಮಗೆ ಕಸಿವಿಸಿಯಾಗುತ್ತದೆ. ಮೂಲದ ಗಾಯಕ 2000ದಲ್ಲಿ ಒಂಬತ್ತು ಗುಂಡುಗಳನ್ನು ಮೈಯಲ್ಲಿ ತಿಂದು ಬದುಕಿದವನು. ಐರನ್ ಮ್ಯಾನ್ ಆಯುಧಗಳನ್ನು ತಯಾರಿಸಿ ಧನಿಕನಾದ ಮನೆತನದವನು. ಗುಂಡು ತಿಂದವನ ಸ್ಥಾನಕ್ಕೆ ಗುಂಡು ಮಾರಿದವನು ಬಂದಿದ್ದಾನೆ. ಇದು ವ್ಯಂಗ್ಯವಾಗಿದ್ದರೆ ಎಷ್ಟು ಚೆನ್ನಾಗಿತ್ತು! ಚಿತ್ರದೊಳಗೆ ವ್ಯಂಗ್ಯದ ಯಾವ ಸುಳಿವೂ ನಮಗೆ ದೊರೆಯಲಿಲ್ಲ.

ಆದರೆ ಇದೇ ಮಾಲೆಯ ಇನ್ನೊಂದು ಚಿತ್ರ ನಮ್ಮ ವಿಂಗಡಣೆಯನ್ನು ಅಲುಗಿಸುತ್ತದೆ. ಲಾರಿನ್ ಹಿಲ್‌ಳ 1998ರ 'ದಿ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್' ಹೊದಿಕೆಯಲ್ಲಿ ಶಾಲೆಯ ಮರದ ಡೆಸ್ಕಿನಲ್ಲಿ ಅವಳ ಮುಖವನ್ನು ಕೆತ್ತಿದಂತೆ ತೋರಿಸಿದೆ. ಅದನ್ನು ಅನುಸರಿಸಿ ಜೆನ್ನಿ ಫ್ರಿಸನ್ ಬರೆದದ್ದು ಮಿಸ್ ಮಾರ್ವೆಲ್‌ಳನ್ನು, ಅಂದರೆ ಜರ್ಸಿ ಸಿಟಿಯ ಪಾಕಿಸ್ತಾನೀ ಮೂಲದ ವಿದ್ಯಾರ್ಥಿನಿ ಕಮಲಾ ಖಾನ್‌ಳನ್ನು. ಹಿಲ್ ಬೆಳೆದದ್ದೂ ನ್ಯೂಜರ್ಸಿಯಲ್ಲೇ. ಶಾಲೆ ತನಗೆ ಕಲಿಸದೇ ಹೋದುದನ್ನು ಹಾಡಿದವಳ ಡೆಸ್ಕು ವಲಸಿಗರ ಮಗಳಿಗೆ ದಕ್ಕುತ್ತದೆ. ರೂಪದಲ್ಲಿ ಅಚ್ಚು ಪ್ರತಿಬಿಂಬ. ಆತ್ಮ ಮಾತ್ರ ಬೇರೆ. ಆದ್ದರಿಂದ ನಕಲೆಂಬ ಒಂದೇ ಕಾರಣಕ್ಕೆ ಈ ಮಾಲೆಯನ್ನು ತಳ್ಳಿಹಾಕಲಾಗದು. ಯಾರನ್ನು ಯಾರ ಜಾಗದಲ್ಲಿ ಕೂರಿಸಲಾಗಿದೆ ಎಂಬುದನ್ನು ಒಂದೊಂದರಲ್ಲೂ ಕೇಳಬೇಕಾಗುತ್ತದೆ.

ಆಗ ಓದುಗರು ಕೇಳಿದ ಪ್ರಶ್ನೆ ಇನ್ನೂ ನೇರವಾಗಿತ್ತು: ಹೊರಗೆ ಕಪ್ಪು ಜನರ ಕಲೆಗೆ ಗೌರವ ಸಲ್ಲಿಸುವ ಪುಸ್ತಕಗಳ ಒಳಪುಟಗಳಲ್ಲಿ ಬರೆಯುವ, ಚಿತ್ರಿಸುವ ಕಪ್ಪು ಜನರೆಷ್ಟು? ಬಹಳ ಕಡಿಮೆ ಎಂಬುದೇ ಅಂದಿನ ಆಕ್ಷೇಪ, ಅದು ನ್ಯಾಯವಾದುದು. ಹೊದಿಕೆಯಲ್ಲಿ ಸಂದ ಗೌರವವು ಒಡಲಿಗೆ ಇಳಿಯಲಿಲ್ಲ. 2016ರ ಏಪ್ರಿಲಿನಲ್ಲಿ ಟಾ-ನಹಾಸಿ ಕೋಟ್ಸ್ ಬರೆದ 'ಬ್ಲ್ಯಾಕ್ ಪ್ಯಾಂಥರ್' ಆರಂಭವಾದಾಗ ಅದರ ಒಳಪುಟಗಳನ್ನು ಚಿತ್ರಿಸಿದವನು ಇದೇ ಸ್ಟೆಲ್‌ಫ್ರೀಜ್. ಅಲ್ಲಿ ಅವನ ರೇಖೆಗೆ ಎರವಲು ಚೌಕಟ್ಟು ಬೇಕಾಗಲಿಲ್ಲ.